ಸೋತವರು ತಟ್ಟಿದ ಚಪ್ಪಾಳೆ: ರೇಕ್ಯಾವಿಕ್ ಚದುರಂಗ ಸ್ಪರ್ಧೆಯ ಆರನೆಯ ಆಟದ ಒಂದು ಅಧ್ಯಯನ

ಪೀಠಿಕೆ

ಚದುರಂಗವು ಭಾರತದಲ್ಲಿ ಹುಟ್ಟಿ, ಪರ್ಷಿಯದ ಮಾರ್ಗವಾಗಿ ಅರಬರ ಕೈಸೇರಿ, ಅವರಿಂದ ಯೂರೋಪನ್ನು ತಲಪಿದ ಕ್ರೀಡೆಯೆಂಬುದು ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿರುವ ಸಂಗತಿ. ಆನೆ, ಕುದುರೆ, ರಥ, ಕಾಲಾಳುಗಳೆಂಬ ಸೇನೆಯ ನಾಲ್ಕು ಅಂಗಗಳೇ ಅದಕ್ಕೆ ಚತುರಂಗವೆಂಬ ಹೆಸರನ್ನು ತಂದುಕೊಟ್ಟವು. ಕನ್ನಡ ನಾಡಿನ ಅರಮನೆಯಲ್ಲಿಯೂ ಈ ವಿದ್ಯೆ ಬೆಳಗಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಒಂದು ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಬಾರಿ ಮಾತ್ರ ನಿಲ್ಲಿಸುತ್ತ ಮಣೆಯನ್ನೆಲ್ಲ ಸುತ್ತಿಸುವ ಸಮಸ್ಯೆಗೆ ಹಲವು ಪರಿಹಾರಗಳನ್ನು ರಚಿಸಿದುದನ್ನು ಈ ಶಾಸ್ತ್ರದ ಅಭ್ಯಾಸಿಗಳು ಇಂದಿಗೂ ಆದರದಿಂದ ನೆನೆಯುತ್ತಾರೆ.

ಶಾಲೆಗಳಲ್ಲಿ ಚದುರಂಗವನ್ನು ಕಲಿಸಬೇಕೆನ್ನುವವರು ಸಾಮಾನ್ಯವಾಗಿ ಏಕಾಗ್ರತೆ, ಸ್ಮರಣಶಕ್ತಿ, ದೂರದೃಷ್ಟಿಗಳನ್ನು ಕಾರಣವಾಗಿ ಹೇಳುತ್ತಾರೆ. ಆ ಮಾತು ಒಪ್ಪತಕ್ಕದ್ದೇ. ಆದರೆ ಶಿಕ್ಷಕನ ದೃಷ್ಟಿಯಿಂದ ಈ ಆಟಕ್ಕೆ ಇನ್ನೊಂದು ವಿಶೇಷವಿದೆ. ಇಲ್ಲಿ ದಾಳವಿಲ್ಲ, ಇಸ್ಪೀಟಿನಂತೆ ಮುಚ್ಚಿಟ್ಟ ಎಲೆಯಿಲ್ಲ, ಮಳೆ ಬಂತು, ನೆಲ ಜಾರಿತು, ಜೊತೆಗಾರ ಕೈಕೊಟ್ಟ ಎಂಬ ನೆಪಗಳೂ ಇಲ್ಲ. ಎರಡು ಪಕ್ಷದ ಬಲವೂ ಸಮಾನ. ಎಲ್ಲವೂ ಕಣ್ಣೆದುರಿಗೇ ಇದೆ. ಸೋತವನು ತನ್ನ ಸೋಲಿಗೆ ತಾನೇ ಹೊಣೆ. ಆದುದರಿಂದಲೇ ಚದುರಂಗದ ಸೋಲು ಬೇರೆ ಆಟಗಳ ಸೋಲಿಗಿಂತ ಹೆಚ್ಚಾಗಿ ಮನಸ್ಸನ್ನು ಚುಚ್ಚುತ್ತದೆ.

ಅಂತಹ ಸೋಲೊಂದನ್ನು ಆ ಕಾಲದ ಜಗಜ್ಜೇತರೊಬ್ಬರು ಹೇಗೆ ಸ್ವೀಕರಿಸಿದರೆಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಅದಕ್ಕಾಗಿ ೧೯೭೨ನೆಯ ಇಸವಿ ಜುಲೈ ೨೩ರಂದು ಐಸ್‌ಲೆಂಡಿನ ರಾಜಧಾನಿಯಾದ ರೇಕ್ಯಾವಿಕ್ ನಗರದಲ್ಲಿ ಬೋರಿಸ್ ಸ್ಪಾಸ್ಕಿ ಹಾಗೂ ಬಾಬಿ ಫಿಷರ್ ಅವರ ನಡುವೆ ನಡೆದ ವಿಶ್ವ ಚಾಂಪಿಯನ್ ಸ್ಪರ್ಧೆಯ ಆರನೆಯ ಆಟವನ್ನು ಆರಿಸಿಕೊಂಡಿದ್ದೇನೆ. ಆ ಆಟದ ಕೊನೆಯಲ್ಲಿ ಕೇಳಿಬಂದ ಚಪ್ಪಾಳೆಯ ಅರ್ಥ ತಿಳಿಯಬೇಕಾದರೆ ಮೊದಲು ಆಟವನ್ನು ತಿಳಿಯಬೇಕು. ಓದುಗರು ಸಾಧ್ಯವಾದರೆ ಮಣೆಯೊಂದನ್ನು ಎದುರಿಗಿಟ್ಟುಕೊಂಡು ಓದಬೇಕೆಂದು ವಿನಂತಿ.

ಇಬ್ಬರು ಆಟಗಾರರು

ಸ್ಪಾಸ್ಕಿಯವರು ೧೯೩೭ರ ಜನವರಿ ೩೦ರಂದು ಲೆನಿನ್‌ಗ್ರಾಡಿನಲ್ಲಿ ಜನಿಸಿದರು. ಎರಡನೆಯ ಮಹಾಯುದ್ಧದಲ್ಲಿ ಆ ನಗರಕ್ಕೆ ಮುತ್ತಿಗೆ ಬಿದ್ದಾಗ ಊರು ಬಿಡಬೇಕಾಗಿ ಬಂದ ಮಕ್ಕಳಲ್ಲಿ ಅವರೂ ಒಬ್ಬರು. ಹದಿನೆಂಟರ ಪ್ರಾಯದಲ್ಲಿಯೇ, ೧೯೫೫ರಲ್ಲಿ, ಕಿರಿಯರ ವಿಶ್ವ ಚಾಂಪಿಯನ್ ಆಗಿ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಪಡೆದರು. ೧೯೬೬ರಲ್ಲಿ ವಿಶ್ವಪದವಿಗಾಗಿ ಟಿಗ್ರಾನ್ ಪೆಟ್ರೋಸಿಯನ್ ಅವರೊಡನೆ ಸೆಣಸಿ ಸೋತರು. ಮೂರು ವರ್ಷಗಳ ಮೇಲೆ, ೧೯೬೯ರಲ್ಲಿ, ಅದೇ ಪೆಟ್ರೋಸಿಯನ್ ಅವರನ್ನು ಗೆದ್ದು ಪದವಿಗೇರಿದರು. ಸೋಲಿನ ರುಚಿ ಅವರಿಗೆ ಅಪರಿಚಿತವಾಗಿರಲಿಲ್ಲ.

ಫಿಷರ್ ಅವರು ೧೯೪೩ರ ಮಾರ್ಚ್ ೯ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಜನಿಸಿ, ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಬೆಳೆದವರು. ಆರನೆಯ ವಯಸ್ಸಿನಲ್ಲಿ ಅಕ್ಕನೊಡನೆ ಕುಳಿತು ಆಟ ಕಲಿತ ಈ ಬಾಲಕನು ಹದಿನಾಲ್ಕನೆಯ ವಯಸ್ಸಿನಲ್ಲಿ ರಾಷ್ಟ್ರದ ಚಾಂಪಿಯನ್ ಆದನು. ಹದಿನೈದನೆಯ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದನು. ೧೯೭೧ರಲ್ಲಿ ನಡೆದ ಅರ್ಹತಾ ಸ್ಪರ್ಧೆಗಳಲ್ಲಿ ಫಿಷರ್ ಅವರು ತೈಮಾನೋವ್ ಮತ್ತು ಲಾರ್ಸನ್ ಅವರಂತಹ ಘಟಾನುಘಟಿಗಳನ್ನು ಆರಕ್ಕೆ ಸೊನ್ನೆಯಂತೆ ಸೋಲಿಸಿ, ಬಳಿಕ ಪೆಟ್ರೋಸಿಯನ್ ಅವರನ್ನೂ ಮಣಿಸಿ, ಸ್ಪಾಸ್ಕಿಯವರ ಎದುರು ಕೂರುವ ಅರ್ಹತೆಯನ್ನು ಗಳಿಸಿದರು.

೧೯೪೮ರಿಂದ ವಿಶ್ವಪದವಿಯು ಸೋವಿಯೆತ್ ಒಕ್ಕೂಟದ ಆಟಗಾರರ ಕೈಬಿಟ್ಟು ಹೋಗಿರಲಿಲ್ಲ. ಎರಡು ಮಹಾಶಕ್ತಿಗಳ ನಡುವಣ ಶೀತಲ ಸಮರದ ಆ ಕಾಲದಲ್ಲಿ, ಮಣೆಯ ಎರಡು ಪಕ್ಕಗಳಲ್ಲಿ ಇಬ್ಬರು ವ್ಯಕ್ತಿಗಳಲ್ಲ, ಎರಡು ರಾಷ್ಟ್ರಗಳೇ ಕುಳಿತಿವೆಯೆಂದು ಜಗತ್ತು ಭಾವಿಸಿತು. ಅದುವರೆಗೆ ಇವರಿಬ್ಬರೂ ಪರಸ್ಪರ ಐದು ಆಟಗಳನ್ನು ಆಡಿದ್ದರು. ಸ್ಪಾಸ್ಕಿಯವರು ಮೂರನ್ನು ಗೆದ್ದಿದ್ದರು, ಎರಡು ಸಮವಾಗಿದ್ದವು. ಫಿಷರ್ ಅವರು ಒಮ್ಮೆಯೂ ಗೆದ್ದಿರಲಿಲ್ಲ.

ಆರನೆಯ ಆಟದವರೆಗೆ

ಸ್ಪರ್ಧೆಯ ಆರಂಭವೇ ವಿಘ್ನಮಯವಾಗಿತ್ತು. ಜುಲೈ ಮೊದಲಿಗೆ ಆರಂಭವಾಗಬೇಕಾಗಿದ್ದ ಆಟಕ್ಕೆ ಫಿಷರ್ ಅವರು ಬರಲೇ ಇಲ್ಲ. ಜಿಮ್ ಸ್ಲೇಟರ್ ಎಂಬ ಇಂಗ್ಲೆಂಡಿನ ಧನಿಕರು ಒಂದು ಲಕ್ಷ ಇಪ್ಪತ್ತೈದು ಸಾವಿರ ಡಾಲರುಗಳ ಬಹುಮಾನದ ಮೊತ್ತವನ್ನು ತಮ್ಮ ಕೈಯಿಂದ ಇಮ್ಮಡಿಗೊಳಿಸಿದ ಮೇಲೆ ಅವರ ಪ್ರಯಾಣವಾಯಿತು. ಜುಲೈ ೧೧ರಂದು ಮೊದಲನೆಯ ಆಟ ನಡೆಯಿತು. ಸಮವಾಗಿ ಮುಗಿಯಬಹುದಾಗಿದ್ದ ಆ ಆಟದ ಇಪ್ಪತ್ತೊಂಬತ್ತನೆಯ ನಡೆಯಲ್ಲಿ ಫಿಷರ್ ಅವರು ಒಂದು ಕಾಲಾಳಿನ ಆಸೆಗೆ ತಮ್ಮ ಒಂಟೆಯನ್ನು ಬಲೆಗೆ ಒಡ್ಡಿ ಸೋತರು. ಚಲನಚಿತ್ರ ಯಂತ್ರಗಳ ಬಗ್ಗೆ ಆಕ್ಷೇಪಣೆಯೆತ್ತಿ ಎರಡನೆಯ ಆಟಕ್ಕೆ ಹಾಜರಾಗಲೇ ಇಲ್ಲ. ಆಡದೆಯೇ ಆ ಅಂಕವನ್ನೂ ಕಳೆದುಕೊಂಡರು. ಸ್ಪಾಸ್ಕಿಯವರಿಗೆ ಎರಡು, ಫಿಷರ್ ಅವರಿಗೆ ಸೊನ್ನೆ.

ಈ ಘಟ್ಟದಲ್ಲಿ ಸ್ಪಾಸ್ಕಿಯವರು ತಮ್ಮ ದೇಶಕ್ಕೆ ಮರಳಿದ್ದರೆ ಅವರನ್ನು ಯಾರೂ ದೂಷಿಸುವಂತಿರಲಿಲ್ಲ. ಪದವಿಯೂ ಅವರಲ್ಲಿಯೇ ಉಳಿಯುತ್ತಿತ್ತು. ಮೂರನೆಯ ಆಟವನ್ನು ಪ್ರೇಕ್ಷಕರಿಂದ ದೂರವಾದ ಹಿಂಬದಿಯ ಕೊಠಡಿಯೊಂದರಲ್ಲಿ ಆಡಬೇಕೆಂದು ಫಿಷರ್ ಅವರು ಕೇಳಿದರು. ನಿಯಮದ ಪ್ರಕಾರ ಒಪ್ಪಲೇಬೇಕಾದ ಬೇಡಿಕೆ ಅದಾಗಿರಲಿಲ್ಲ. ಆದರೂ ಸ್ಪಾಸ್ಕಿಯವರು ಒಪ್ಪಿದರು. ಅವರಿಗೆ ಬೇಕಾಗಿದ್ದುದು ಆಟ. ಆ ಕೊಠಡಿಯಲ್ಲಿ ಫಿಷರ್ ಅವರು ತಮ್ಮ ಜೀವನದಲ್ಲಿ ಮೊದಲ ಬಾರಿಗೆ ಸ್ಪಾಸ್ಕಿಯವರನ್ನು ಗೆದ್ದರು. ನಾಲ್ಕನೆಯ ಆಟ ಸಮವಾಯಿತು. ಐದನೆಯದರಲ್ಲಿ ಸ್ಪಾಸ್ಕಿಯವರು ಒಂದು ದೊಡ್ಡ ತಪ್ಪು ಮಾಡಿ ಇಪ್ಪತ್ತೇಳನೆಯ ನಡೆಗೇ ಸೋಲೊಪ್ಪಿದರು. ಹೀಗೆ ಇಬ್ಬರೂ ಎರಡೂವರೆ ಅಂಕಗಳಲ್ಲಿ ಸಮನಾಗಿ ನಿಂತಾಗ ಆರನೆಯ ಆಟ ಬಂದಿತು.

ಆಟದ ವಿವರಣೆ

ಬಿಳಿಯ ಕಾಯಿಗಳು ಫಿಷರ್ ಅವರವು. ಬಿಳಿಯ ಪಕ್ಷದಿಂದ ನೋಡಿದಾಗ ಎಡದಿಂದ ಬಲಕ್ಕೆ ಕಂಬಸಾಲುಗಳನ್ನು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದೂ, ಅಡ್ಡಸಾಲುಗಳನ್ನು ಒಂದರಿಂದ ಎಂಟರವರೆಗಿನ ಅಂಕಿಗಳಿಂದಲೂ ಗುರುತಿಸಿದೆ.

ಮೊದಲ ನಡೆಯೇ ಸಭೆಯನ್ನು ಬೆರಗುಗೊಳಿಸಿತು. ಫಿಷರ್ ಅವರು ತಮ್ಮ ಆಟಜೀವನದುದ್ದಕ್ಕೂ ರಾಜನ ಮುಂದಿನ ಕಾಲಾಳನ್ನು ಇ-೪ಕ್ಕೆ ನಡೆಸಿ ಆರಂಭಿಸುವವರು. ಅದೇ ಪರೀಕ್ಷೆಯಿಂದ ಸಿದ್ಧವಾದ ಅತ್ಯುತ್ತಮ ನಡೆಯೆಂದು ಬರೆದವರು. ಅಂದು ಅವರು ಸಿ ಸಾಲಿನ ಕಾಲಾಳನ್ನು ಸಿ-೪ಕ್ಕೆ ಇಟ್ಟರು. ನಾಲ್ಕನೆಯ ನಡೆಯ ಹೊತ್ತಿಗೆ ಆಟವು ಕ್ವೀನ್ಸ್ ಗ್ಯಾಂಬಿಟ್ ಎಂಬ ಪ್ರಸಿದ್ಧ ಪದ್ಧತಿಗೆ ಹೊರಳಿತ್ತು. ಏಳನೆಯ ನಡೆಯಲ್ಲಿ ಸ್ಪಾಸ್ಕಿಯವರು ಬಿ-೬ಕ್ಕೆ ಕಾಲಾಳನ್ನು ನಡೆಸಿ ಟಾರ್ಟಕೋವರ್ ರಕ್ಷಣೆಯನ್ನು ಕೈಗೊಂಡರು. ಈ ರಕ್ಷಣೆ ಅವರಿಗೆ ಕರತಲಾಮಲಕ. ಅದನ್ನು ಬೆಳೆಸಿದವರಲ್ಲಿ ಒಬ್ಬರಾದ ಬೊಂಡರೇವ್‌ಸ್ಕಿಯವರು ದೀರ್ಘಕಾಲ ಅವರ ಗುರುಗಳಾಗಿದ್ದರು. ಎಂದರೆ ಫಿಷರ್ ಅವರು ತಮಗೆ ಅಭ್ಯಾಸವಿಲ್ಲದ ದಾರಿಯಲ್ಲಿ, ಎದುರಾಳಿಯ ಮನೆಯಂಗಳಕ್ಕೇ ಕಾಲಿಟ್ಟಿದ್ದರು.

ಹತ್ತು ನಡೆಗಳಾಗುವಷ್ಟರಲ್ಲಿ ಎರಡು ಪಕ್ಷಗಳೂ ಒಂದೊಂದು ಕುದುರೆಯನ್ನೂ ಒಂದೊಂದು ಒಂಟೆಯನ್ನೂ ವಿನಿಮಯ ಮಾಡಿಕೊಂಡವು. ಮೇಲ್ನೋಟಕ್ಕೆ ಮಣೆ ಶಾಂತವಾಗಿತ್ತು. ಹನ್ನೊಂದನೆಯ ನಡೆಯಲ್ಲಿ ಬಿಳಿಯ ಆನೆ ಸಿ ಸಾಲಿಗೆ ಬಂದಿತು. ಹನ್ನೆರಡನೆಯದರಲ್ಲಿ ಮಂತ್ರಿ ಎ-೪ಕ್ಕೂ, ಮುಂದಿನದರಲ್ಲಿ ಎ-೩ಕ್ಕೂ ಸರಿಯಿತು. ಈ ಎ-೩ರ ಮಂತ್ರಿಯ ದೃಷ್ಟಿ ಓರೆಸಾಲಿನಲ್ಲಿ ಸಿ-೫ರ ಕರಿಯ ಕಾಲಾಳಿನ ಮೂಲಕ ಇ-೭ರಲ್ಲಿದ್ದ ಕರಿಯ ಮಂತ್ರಿಯವರೆಗೂ ಚಾಚಿತ್ತು. ಕಾಲಾಳು ತನ್ನ ಸ್ಥಾನವನ್ನು ಬಿಟ್ಟು ಕದಲಿದರೆ ಮಂತ್ರಿಯೇ ಹೋಗುತ್ತದೆ. ಹದಿನಾಲ್ಕನೆಯ ನಡೆಯಲ್ಲಿ ಬಿಳಿಯ ಒಂಟೆ ಬಿ-೫ಕ್ಕೆ ಜಿಗಿಯಿತು. ಎ-೬ಕ್ಕೆ ಕಾಲಾಳನ್ನು ಇಟ್ಟು ಸ್ಪಾಸ್ಕಿಯವರು ಅದನ್ನು ಪ್ರಶ್ನಿಸಿದರು. ಮರುವರ್ಷ, ೧೯೭೩ರಲ್ಲಿ, ಹಾಲೆಂಡಿನ ಹಿಲ್ವರ್ಸಮ್ ನಗರದಲ್ಲಿ ಯೆಫಿಮ್ ಗೆಲ್ಲರ್ ಅವರು ಇದೇ ಸ್ಥಿತಿಯಲ್ಲಿ ಮಂತ್ರಿಯನ್ನು ಬಿ-೭ಕ್ಕೆ ಸರಿಸಿ, ಯಾನ್ ಟಿಮ್ಮನ್ ಅವರನ್ನು ಗೆದ್ದು, ಕರಿಯ ಪಕ್ಷಕ್ಕೆ ಇದ್ದ ಉತ್ತಮ ಮಾರ್ಗವನ್ನು ತೋರಿಸಿಕೊಟ್ಟರು. ಆ ಗೆಲ್ಲರ್ ಅವರು ರೇಕ್ಯಾವಿಕ್‌ನಲ್ಲಿ ಸ್ಪಾಸ್ಕಿಯವರ ಸಹಾಯಕರಾಗಿದ್ದವರೇ ಎಂಬುದು ವಿಧಿಯ ವಿನೋದ.

ಸಿ-೫ರಲ್ಲಿ ಕಾಲಾಳುಗಳ ವಿನಿಮಯವಾದ ಮೇಲೆ ಕರಿಯ ಪಕ್ಷಕ್ಕೆ ಸಿ-೫ ಮತ್ತು ಡಿ-೫ರಲ್ಲಿ ಎರಡು ಕಾಲಾಳುಗಳು ಪಕ್ಕಪಕ್ಕದಲ್ಲಿ ಉಳಿದವು. ಅವುಗಳ ಎರಡೂ ಬದಿಯ ಸಾಲುಗಳಲ್ಲಿ ಆಸರೆಗೆ ಬೇರೆ ಕಾಲಾಳುಗಳಿರಲಿಲ್ಲ. ಇಂತಹ ಜೋಡಿಯು ಮುನ್ನಡೆಯಬಲ್ಲ ಕಾಲದಲ್ಲಿ ಬಲ, ತಡೆಹಿಡಿದಾಗ ಭಾರ. ಹದಿನೆಂಟನೆಯ ನಡೆಯಲ್ಲಿ ಬಿಳಿಯ ಕುದುರೆ ಡಿ-೪ಕ್ಕೆ, ಎಂದರೆ ಸಿ-೫ರ ಕಾಲಾಳಿನ ಬಾಯಿಗೇ ಬಂದು ನಿಂತಿತು. ಮೇಲೆ ಹೇಳಿದ ಕಟ್ಟಿನಿಂದಾಗಿ ಕಾಲಾಳು ಅದನ್ನು ಕಡಿಯುವಂತಿರಲಿಲ್ಲ. ಆ ಕುದುರೆ ಮುಂದಿನ ನಡೆಯಲ್ಲಿ ಕರಿಯ ಪಕ್ಷದ ಉಳಿದೊಂದು ಒಂಟೆಯನ್ನು ಕಡಿಯಿತು. ಈಗ ಬಿಳಿಯ ಬಳಿ ಒಂಟೆ, ಕರಿಯ ಬಳಿ ಕುದುರೆ.

ಇಪ್ಪತ್ತನೆಯ ನಡೆ ಈ ಆಟದ ತಿರುವು. ಫಿಷರ್ ಅವರು ಕಾಲಾಳನ್ನು ಇ-೪ಕ್ಕೆ ನೂಕಿ ಕರಿಯ ಜೋಡಿಯನ್ನು ಇದ್ದಲ್ಲಿಯೇ ಕೆಣಕಿದರು. ಸ್ಪಾಸ್ಕಿಯವರು ಡಿ ಸಾಲಿನ ಕಾಲಾಳನ್ನು ಡಿ-೪ಕ್ಕೆ ಮುನ್ನಡೆಸಿದರು. ನೋಡುವ ಕಣ್ಣಿಗೆ ಅದು ಮುನ್ನಡೆ. ಆದರೆ ಆ ಕಾಲಾಳು ಮುಂದೆ ಹೋದೊಡನೆ ಅದು ಅದುವರೆಗೆ ಕಾಯುತ್ತಿದ್ದ ಸಿ-೪ರ ಮನೆ ಬರಿದಾಯಿತು. ಮೂರು ನಡೆಗಳ ನಂತರ ಬಿಳಿಯ ಒಂಟೆ ಅಲ್ಲಿಯೇ ಬಂದು ನೆಲೆಸಿ, ಕರಿಯ ರಾಜನತ್ತ ದೃಷ್ಟಿ ನೆಟ್ಟಿತು. ಕಾಲಾಳು ಹಿಂದಕ್ಕೆ ನಡೆಯದು ಎಂಬುದು ಚದುರಂಗದ ಮೊದಲ ಪಾಠ. ಆ ಪಾಠದ ಪೂರ್ಣ ತೂಕ ಎಷ್ಟೆಂಬುದು ಇಂತಹ ಸ್ಥಾನಗಳಲ್ಲಿ ತಿಳಿಯುತ್ತದೆ.

ಅಲ್ಲಿಂದ ಮುಂದೆ ಬಿಳಿಯ ನಡೆಗಳಲ್ಲಿ ಅವಸರವೆಂಬುದು ಕಾಣದು. ಎಫ್-೪, ಇ-೫ ಎಂದು ಕಾಲಾಳುಗಳು ಮುನ್ನಡೆದು ಕರಿಯ ಕುದುರೆಯ ಹಾದಿಗಳನ್ನು ಮುಚ್ಚಿದವು. ಮಂತ್ರಿಯು ಎ-೩ರಿಂದ ಮಣೆಯ ಆ ತುದಿಯ ಎಚ್-೩ಕ್ಕೆ ಸಾಗಿತು. ಇಪ್ಪತ್ತಾರನೆಯ ನಡೆಯಲ್ಲಿ ಎಫ್-೫ರ ಮುನ್ನಡೆ ಎಫ್ ಸಾಲನ್ನು ತೆರೆಯಿತು. ಎರಡು ಆನೆಗಳೂ ಆ ಸಾಲಿನಲ್ಲಿ ಒಂದರ ಹಿಂದೊಂದು ನಿಂತವು. ಮೂವತ್ತನೆಯ ನಡೆಯಲ್ಲಿ ಎಚ್-೪ಕ್ಕೆ ಒಂದು ಕಾಲಾಳು: ಎಚ್-೭ರ ಕರಿಯ ಕುದುರೆಗೆ ಜಿ-೫ರ ದಾರಿಯೂ ಇಲ್ಲವಾಯಿತು. ಮೂವತ್ತೊಂದನೆಯದರಲ್ಲಿ ಇ-೬ಕ್ಕೆ ನುಗ್ಗಿದ ಕಾಲಾಳು ಕರಿಯ ಸೈನ್ಯದ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

ಮೂವತ್ತೆರಡರಿಂದ ಮೂವತ್ತಾರರವರೆಗಿನ ನಡೆಗಳನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಕರಿಯ ಮಂತ್ರಿ ಇ-೮ಕ್ಕೆ ಹೋಗುತ್ತದೆ; ಡಿ-೮ಕ್ಕೆ ಬರುತ್ತದೆ; ಮತ್ತೆ ಇ-೮, ಮತ್ತೆ ಡಿ-೮, ಮತ್ತೆ ಇ-೮. ಜಗಜ್ಜೇತರ ಅತ್ಯಂತ ಬಲಿಷ್ಠವಾದ ಕಾಯಿಗೆ ಎರಡು ಮನೆಗಳ ನಡುವೆ ತೂಗಾಡುವುದರ ಹೊರತು ಬೇರೆ ಕೆಲಸವಿಲ್ಲ. ಇತ್ತ ಬಿಳಿಯವರು ಎ-೪ಕ್ಕೆ ಕಾಲಾಳನ್ನಿಟ್ಟು ಕರಿಯವರ ಕೊನೆಯ ಚಲನೆಯನ್ನೂ ತಡೆದರು; ಒಂದು ಆನೆಯನ್ನು ಎಫ್-೨ಕ್ಕೂ ಅಲ್ಲಿಂದ ಎಫ್-೩ಕ್ಕೂ ತಂದರು; ಒಂಟೆಯನ್ನು ಡಿ-೩ಕ್ಕೆ ತಿರುಗಿಸಿದರು. ಗೆಲುವು ಕೈಗೆಟಕುವಷ್ಟು ಹತ್ತಿರವಿದ್ದಾಗಲೂ ಫಿಷರ್ ಅವರು ಒಂದೊಂದೇ ಕಾಯಿಯನ್ನು ಅದರದರ ಸ್ಥಾನದಲ್ಲಿ ಅಣಿಗೊಳಿಸುತ್ತಿದ್ದರು. ನಲವತ್ತು ನಡೆಗಳಿಗೆ ಎರಡೂವರೆ ಗಂಟೆಗಳ ಕಾಲಮಿತಿಯಿದ್ದ ಸ್ಪರ್ಧೆಯಲ್ಲಿ ಈ ಸಾವಧಾನ ಸಾಮಾನ್ಯವಾದುದಲ್ಲ.

ಮೂವತ್ತೇಳನೆಯ ನಡೆಯಲ್ಲಿ ಮಂತ್ರಿ ಇ-೪ಕ್ಕೆ ಬಂದಾಗ ಎಚ್-೭ರ ಮೇಲೆ ಮಂತ್ರಿ ಮತ್ತು ಒಂಟೆಯ ಜೋಡಿ ದೃಷ್ಟಿ ಬಿದ್ದಿತು. ಆನೆಯೊಂದು ಎಫ್-೮ಕ್ಕೆ ನುಗ್ಗುವ ಬೆದರಿಕೆ ಎದುರಾಯಿತು. ಸ್ಪಾಸ್ಕಿಯವರು ಕುದುರೆಯನ್ನು ಎಫ್-೬ಕ್ಕೆ ತಂದು ತಡೆಯೊಡ್ಡಿದರು. ಫಿಷರ್ ಅವರು ಆನೆಯನ್ನೇ ಕೊಟ್ಟು ಆ ಕುದುರೆಯನ್ನು ಕಡಿದರು. ಎರಡನೆಯ ಆನೆ ಅಲ್ಲಿ ಕಾಲಾಳನ್ನೂ ಕಡಿದು ನಿಂತಿತು. ಕರಿಯ ರಾಜನ ಸುತ್ತಲಿನ ಕೋಟೆ ಬಯಲಾಯಿತು. ನಲವತ್ತೊಂದನೆಯ ನಡೆಯಲ್ಲಿ ಬಿಳಿಯ ಮಂತ್ರಿ ಎಫ್-೪ಕ್ಕೆ ಬಂದಾಗ ಸ್ಪಾಸ್ಕಿಯವರು ಸೋಲೊಪ್ಪಿಕೊಂಡರು.

ಚಪ್ಪಾಳೆ

ಸಭಾಂಗಣದಲ್ಲಿ ಕರತಾಡನ ಮೊಳಗಿತು. ಆಗ ವೇದಿಕೆಯ ಮೇಲಿದ್ದ ಸ್ಪಾಸ್ಕಿಯವರೂ ಪ್ರೇಕ್ಷಕರೊಡನೆ ಸೇರಿ ತಮ್ಮ ಎದುರಾಳಿಗೆ ಚಪ್ಪಾಳೆ ತಟ್ಟಿದರು. ವಿಶ್ವಪದವಿಯ ಸ್ಪರ್ಧೆಯಲ್ಲಿ ಪದವಿಯ ಒಡೆಯರೇ ತಮ್ಮನ್ನು ಸೋಲಿಸಿದ ಆಟಕ್ಕೆ ಹೀಗೆ ಬಹಿರಂಗವಾಗಿ ಮೆಚ್ಚುಗೆ ಸೂಚಿಸಿದ ಈ ಘಟನೆಯನ್ನು ಚದುರಂಗದ ಜಗತ್ತು ಅರ್ಧ ಶತಮಾನ ಕಳೆದರೂ ಮರೆತಿಲ್ಲ.

ಇದನ್ನು ಬರಿಯ ಶಿಷ್ಟಾಚಾರವೆಂದು ತಿಳಿದರೆ ತಪ್ಪಾದೀತು. ಸೋತವರು ಗೆದ್ದವರ ಕೈಕುಲುಕುವುದು ಶಿಷ್ಟಾಚಾರ. ಅದಕ್ಕೆ ಆಟದ ಅರಿವು ಬೇಕಾಗಿಲ್ಲ. ಸಭಿಕರಲ್ಲಿ ಹಲವರು ಕೊನೆಯಲ್ಲಿ ಆನೆಯನ್ನು ಬಲಿಗೊಟ್ಟ ಬೆಡಗನ್ನು ಕಂಡು ಚಪ್ಪಾಳೆ ತಟ್ಟಿರಬಹುದು. ಆದರೆ ಎ-೩ರ ಮಂತ್ರಿಯು ಹಾಕಿದ ಕಟ್ಟಿನ ಬಿಗಿ ಎಂಥದು, ಸಿ-೪ರ ಒಂಟೆಯ ಭಾರ ಎಷ್ಟು, ಎಚ್-೪ರ ಚಿಕ್ಕ ಕಾಲಾಳು ಏನನ್ನು ಕಸಿದುಕೊಂಡಿತು ಎಂಬುದನ್ನು ಆ ಸಭಾಂಗಣದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವುಗಳ ಅಡಿಯಲ್ಲಿ ಸಿಲುಕಿ ನರಳಿದವರೇ. ಆ ಚಪ್ಪಾಳೆಯು ಒಬ್ಬ ವಿದ್ವಾಂಸನು ಮತ್ತೊಬ್ಬ ವಿದ್ವಾಂಸನ ಕೃತಿಗೆ ಸಲ್ಲಿಸಿದ ಗೌರವ. ತನ್ನ ಅಭಿಮಾನಕ್ಕೆ ಪೆಟ್ಟು ಬಿದ್ದ ಕ್ಷಣದಲ್ಲಿಯೇ ಎದುರಿನ ಒಳ್ಳೆಯದನ್ನು ಕಾಣಬಲ್ಲ ಕಣ್ಣು ಸುಲಭಕ್ಕೆ ದೊರೆಯುವುದಿಲ್ಲ.

ಔದಾರ್ಯದ ಬೆಲೆ

ಇಲ್ಲಿಗೇ ಕಥೆಯನ್ನು ನಿಲ್ಲಿಸಿದರೆ ಉಪದೇಶ ಸುಗಮವಾಗುತ್ತದೆ. ಆದರೆ ಅದು ಪೂರ್ಣ ಸತ್ಯವಾಗದು. ಸ್ಪಾಸ್ಕಿಯವರು ಸ್ಪರ್ಧೆಯನ್ನು ಸೋತರು. ಇಪ್ಪತ್ತೊಂದನೆಯ ಆಟವು ಸೆಪ್ಟೆಂಬರ್ ೧ರಂದು ಮುಗಿದಾಗ ಫಿಷರ್ ಅವರು ಹನ್ನೆರಡೂವರೆ, ಸ್ಪಾಸ್ಕಿಯವರು ಎಂಟೂವರೆ ಅಂಕಗಳನ್ನು ಪಡೆದಿದ್ದರು. ಹಿಂಬದಿಯ ಕೊಠಡಿಗೆ ಹೋಗಲು ಒಪ್ಪಿದುದೇ ಅವರ ಸಮತೋಲವನ್ನು ಕೆಡಿಸಿತೆಂದು ಅಭಿಪ್ರಾಯಪಟ್ಟ ಪರಿಣತರು ಅನೇಕರಿದ್ದಾರೆ. ಸ್ವದೇಶದ ಕ್ರೀಡಾಧಿಕಾರಿಗಳಿಂದಲೂ ಅವರು ಟೀಕೆಗೆ ಗುರಿಯಾದರು. ಹಾಗಾದರೆ ಉದಾರತೆಯೇ ಅವರ ಪದವಿಯನ್ನು ಕಳೆಯಿತಲ್ಲವೇ ಎಂದು ತರಗತಿಯಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನು ಎದ್ದು ಕೇಳಿದರೆ ಶಿಕ್ಷಕನು ಏನು ಹೇಳಬೇಕು?

ಹೌದು, ಅದಕ್ಕೆ ಬೆಲೆ ತೆರಬೇಕಾಯಿತು ಎಂದೇ ಹೇಳಬೇಕು. ಒಳ್ಳೆಯತನಕ್ಕೆ ಸದಾ ಬಹುಮಾನವುಂಟೆಂದು ಮಕ್ಕಳಿಗೆ ಭರವಸೆ ಕೊಟ್ಟರೆ, ಜೀವನವು ಆ ಭರವಸೆಯನ್ನು ಸುಳ್ಳಾಗಿಸಿದ ದಿನ ಅವರು ಒಳ್ಳೆಯತನವನ್ನೇ ಕೈಬಿಟ್ಟಾರು. ಅದರೊಡನೆ ಇನ್ನೊಂದು ಮಾತನ್ನೂ ಹೇಳಬೇಕು: ಸ್ಪಾಸ್ಕಿಯವರು ಎರಡು ಅಂಕಗಳ ಮುನ್ನಡೆಯನ್ನು ಜೇಬಿಗಿಳಿಸಿ ಮನೆಗೆ ಹೊರಟಿದ್ದರೆ, ನಾವು ಈಗ ಓದಿದ ಆರನೆಯ ಆಟವೆಂಬುದೇ ಇರುತ್ತಿರಲಿಲ್ಲ. ಆ ಆಟವನ್ನು ಕಟ್ಟಿದವರು ಫಿಷರ್. ಅದಕ್ಕೆ ನೆಲ ಕೊಟ್ಟವರು ಸ್ಪಾಸ್ಕಿ.

ಮುಂದಿನ ಚರಿತ್ರೆಯೂ ಚಿಂತನಾರ್ಹವಾಗಿದೆ. ಸೋತ ಸ್ಪಾಸ್ಕಿಯವರು ಮರುವರ್ಷವೇ, ೧೯೭೩ರಲ್ಲಿ, ಅತ್ಯಂತ ಕಠಿನವಾದ ಸೋವಿಯೆತ್ ರಾಷ್ಟ್ರೀಯ ಸ್ಪರ್ಧೆಯಲ್ಲಿ ಪ್ರಥಮರಾದರು. ಗೆದ್ದ ಫಿಷರ್ ಅವರು ತಮ್ಮ ನಿಬಂಧನೆಗಳೆಲ್ಲ ಸ್ವೀಕೃತವಾಗದ ಕಾರಣ ೧೯೭೫ರಲ್ಲಿ ಪದವಿಯನ್ನು ಕಾಯ್ದುಕೊಳ್ಳುವ ಸ್ಪರ್ಧೆಗೆ ಬರಲಿಲ್ಲ. ಪದವಿ ಅನಾತೊಲಿ ಕಾರ್ಪೊವ್ ಅವರಿಗೆ ಸಂದಿತು. ಇಪ್ಪತ್ತು ವರ್ಷಗಳ ಮೌನದ ತರುವಾಯ ೧೯೯೨ರಲ್ಲಿ ಯುಗೋಸ್ಲಾವಿಯದಲ್ಲಿ ಅವರು ಮತ್ತೆ ಆಡಿದಾಗ ಎದುರಿಗೆ ಕುಳಿತವರು ಸ್ಪಾಸ್ಕಿಯವರೇ. ಆ ದೇಶದ ಮೇಲಿದ್ದ ನಿರ್ಬಂಧವನ್ನು ಮೀರಿದರೆಂದು ಅಮೆರಿಕವು ಫಿಷರ್ ಅವರ ಬಂಧನಕ್ಕೆ ಆಜ್ಞೆ ಹೊರಡಿಸಿತು. ೨೦೦೪ರಲ್ಲಿ ಅವರು ಜಪಾನಿನಲ್ಲಿ ಸೆರೆಯಾದಾಗ, ಸ್ಪಾಸ್ಕಿಯವರು ಅಮೆರಿಕದ ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು ಕರುಣೆಯನ್ನು ಬೇಡಿದರು. ಅದಾಗದಿದ್ದರೆ ತಮ್ಮನ್ನೂ ಬಂಧಿಸಿ ಫಿಷರ್ ಅವರಿರುವ ಕೋಣೆಯಲ್ಲಿಯೇ ಇರಿಸಿ, ಒಂದು ಚದುರಂಗದ ಮಣೆಯನ್ನು ಕೊಡಬೇಕೆಂದು ಕೇಳಿಕೊಂಡರು. ೨೦೦೫ರಲ್ಲಿ ಐಸ್‌ಲೆಂಡ್ ದೇಶವು ಫಿಷರ್ ಅವರಿಗೆ ಪೌರತ್ವವನ್ನಿತ್ತು ಆಶ್ರಯ ನೀಡಿತು. ೨೦೦೮ರ ಜನವರಿ ೧೭ರಂದು, ಮಣೆಯ ಮನೆಗಳಷ್ಟೇ ಸಂಖ್ಯೆಯ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ರೇಕ್ಯಾವಿಕ್‌ನಲ್ಲಿಯೇ ತೀರಿಕೊಂಡರು. ಸ್ಪಾಸ್ಕಿಯವರು ೨೦೨೫ರ ಫೆಬ್ರವರಿ ೨೭ರಂದು ಎಂಬತ್ತೆಂಟನೆಯ ವಯಸ್ಸಿನಲ್ಲಿ ನಿಧನರಾದರು. ೧೯೭೨ರ ಆ ಚಪ್ಪಾಳೆ ಕ್ಷಣಿಕ ಭಾವಾವೇಶದ್ದಾಗಿರಲಿಲ್ಲವೆಂಬುದಕ್ಕೆ ಮೂವತ್ತೆರಡು ವರ್ಷಗಳ ಅನಂತರ ಬರೆದ ಆ ಪತ್ರವೇ ಸಾಕ್ಷಿ.

ಉಪಸಂಹಾರ

ಹನ್ನೆರಡನೆಯ ಶತಮಾನದ ಶರಣರು ಕುಲ ಕಾಯಕಗಳ ಭೇದವನ್ನೆಣಿಸದೆ ಅನುಭವ ಮಂಟಪದಲ್ಲಿ ಒಟ್ಟಿಗೆ ಕುಳಿತು ಒಬ್ಬರ ಅನುಭಾವಕ್ಕೆ ಮತ್ತೊಬ್ಬರು ಕಿವಿಗೊಟ್ಟರೆಂಬ ಪರಂಪರೆಯಲ್ಲಿ ಬೆಳೆದುಬಂದ ನಮಗೆ, ರೇಕ್ಯಾವಿಕ್‌ನ ಆ ನಡವಳಿಕೆ ಅಪರಿಚಿತವೆನಿಸಬಾರದು. ಶುದ್ಧವಾಗಿ ಮಾಡಿದ ಕಾಯಕವು ಯಾರ ಕೈಯದಾದರೂ ಗೌರವಾರ್ಹ. ಅದು ನಮ್ಮನ್ನು ಸೋಲಿಸಿದ ಕೈಯದಾದರೂ ಸರಿಯೆ. ಆದರೆ ನಾವು ಬಹುಮಾನ ವಿತರಣೆಯ ದಿನ ಗೆದ್ದ ಮಕ್ಕ��ನ್ನು ವೇದಿಕೆಗೆ ಕರೆಯುತ್ತೇವೆ. ಎರಡನೆಯವನಾಗಿ ಉಳಿದವನ ಮುಖವನ್ನು ನೋಡುವ ವ್ಯವಧಾನ ನಮಗಿರುವುದು ವಿರಳ. ಸೋಲನ್ನು ಹೊರುವ ವಿಧಾನವನ್ನು ಅವನಿಗೆ ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ.

ಆದುದರಿಂದ ಸಹೋದ್ಯೋಗಿಗಳಲ್ಲಿ ಒಂದು ಸಣ್ಣ ಸಲಹೆ. ಈ ಆಟವನ್ನು ತರಗತಿಯಲ್ಲಿ ಮಣೆಯ ಮೇಲೆ ನಡೆಸಿರಿ. ಇಪ್ಪತ್ತನೆಯ ನಡೆಗೆ ನಿಲ್ಲಿಸಿ, ಕರಿಯವರು ಏನು ಮಾಡಬೇಕೆಂದು ಮಕ್ಕಳನ್ನೇ ಯೋಚಿಸಲು ಬಿಡಿರಿ. ಬಳಿಕ ಅವರು ತಮ್ಮತಮ್ಮಲ್ಲಿ ಆಡಿದ ಪ್ರತಿಯೊಂದು ಆಟದ ಕೊನೆಯಲ್ಲಿಯೂ, ಸೋತ ವಿದ್ಯಾರ್ಥಿಯು ಎದ್ದು ನಿಂತು ಎದುರಾಳಿಯ ನಡೆಗಳಲ್ಲಿ ತನಗೆ ಅತ್ಯುತ್ತಮವೆನಿಸಿದುದು ಯಾವುದು, ಅದು ಏಕೆ ಒಳ್ಳೆಯದು ಎಂಬುದನ್ನು ತರಗತಿಗೆ ವಿವರಿಸುವ ಪದ್ಧತಿಯನ್ನು ಬೆಳೆಸಿರಿ. ಮೊದಮೊದಲು ಧ್ವನಿ ನಡುಗೀತು, ಮಾತು ತಡವರಿಸೀತು. ಕ್ರಮೇಣ ಆ ಮಗುವು ತನ್ನ ದುಃಖದಿಂದ ಒಂದು ಹೆಜ್ಜೆ ಈಚೆಗೆ ಬಂದು ಆಟವನ್ನು ನೋಡಲು ಕಲಿಯುತ್ತದೆ. ಅಲ್ಲಿಂದಲೇ ಅದರ ನಿಜವಾದ ಕಲಿಕೆ ಆರಂಭವಾಗುತ್ತದೆ.

ಶ್ರೀಮಠದ ಕೃಪಾಶ್ರಯದಲ್ಲಿ ಬೆಳೆಯುತ್ತಿರುವ ನಮ್ಮ ವಿದ್ಯಾಸಂಸ್ಥೆಯಿಂದ ಗೆಲ್ಲುವ ಮಕ್ಕಳು ಅನೇಕರು ಹೊರಹೊಮ್ಮಲಿ. ಎದುರಾಳಿಯ ಒಳ್ಳೆಯ ಆಟಕ್ಕೆ ಮನಃಪೂರ್ವಕವಾಗಿ ಚಪ್ಪಾಳೆ ತಟ್ಟಬಲ್ಲ ಮಕ್ಕಳೂ ಅವರ ಜೊತೆಯಲ್ಲಿಯೇ ಹೊರಬರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.